ಮಳೆ ಅಲ್ಲಿ, ಹಳ್ಳ ಇಲ್ಲಿ

“ಹಳ್ಳ ಬಂತು, ಮ್ಯಾಲೆ ಹತ್ತು!” ಅಂತ ಅಪ್ಪ ಕೂಗಿದಾಗ ನನಗೆ ಹತ್ತು ವರ್ಷ. ನಮ್ಮ ಹೊಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಬೆಣ್ಣಿಹಳ್ಳದ ಒಣ ಪಾತ್ರದಲ್ಲಿ ಕುರಿ ಮೇಯಿಸುತ್ತಿದ್ದೆ. ದಂಡೆ ಹತ್ತಿ ತಿರುಗಿ ನೋಡಿದರೆ ಜಾಲಿಕಂಟಿ ಹೊತ್ತ ರಾಡಿ ನೀರು ನಾನು ನಿಂತಿದ್ದ ಜಾಗವನ್ನೇ ನುಂಗಿತ್ತು.

ಶಿಗ್ಗಾವಿ ಸೀಮೆಯಲ್ಲಿ ಹುಟ್ಟುವ ಈ ಹಳ್ಳ ನವಲಗುಂದ, ನರಗುಂದದ ಎರೆಹೊಲಗಳನ್ನು ಹಾದು ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ಬಾಯ್ಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿಕೊಂಡಿತೋ, ಆಮೇಲೆ ಬಿದ್ದ ನೀರೆಲ್ಲ ಹಳ್ಳಕ್ಕೇ ಓಡುತ್ತದೆ. ಅದಕ್ಕೇ ಹಳ್ಳ ಹುಟ್ಟುವ ತೆಂಕಣ ದಿಕ್ಕಿನಲ್ಲಿ ಮಿಂಚಿದರೆ ಅಪ್ಪ ಎತ್ತು ಹೂಡಿಕೊಂಡು ಹಳ್ಳ ದಾಟುತ್ತಿರಲಿಲ್ಲ.

ಈಗ ಹುಡುಗರ ಕೈಯಲ್ಲಿ ಬೈಕಿದೆ, ಮುಳುಗಿದ ಸೇತುವೆ ಮೇಲೂ ನುಗ್ಗಿಸುತ್ತಾರೆ. ಅರ್ಧ ಅಡಿ ರಭಸದ ನೀರು ಆಳು ಮನುಷ್ಯನ ಕಾಲು ಕೀಳಬಲ್ಲದು. ಒಂದಡಿ ಸಣ್ಣ ಕಾರನ್ನು ತೇಲಿಸಬಲ್ಲದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರಿನೊಳಗೆ ಸಿಕ್ಕಿಕೊಂಡ ಯುವತಿಯೊಬ್ಬಳು ಜೀವ ಬಿಟ್ಟಳು. ಊರಾದರೇನು, ನಗರವಾದರೇನು, ತಗ್ಗಿನ ನೀರು ಕಂಡಲ್ಲಿ ಗಾಡಿ ತಿರುಗಿಸಿ.

ಸಿಡಿಲಿನ ವಿಷಯದಲ್ಲಿ ಮಾತ್ರ ಅಪ್ಪನ ಲೆಕ್ಕ ತಪ್ಪಿತ್ತು. ಮಳೆ ಬಂದರೆ ಎಲ್ಲರನ್ನೂ ಬೇವಿನ ಮರದಡಿ ಕರೆಯುತ್ತಿದ್ದ. ಬಟಾಬಯಲಿನಲ್ಲಿ ಒಂಟಿ ಮರವೇ ಎತ್ತರ, ಸಿಡಿಲು ಎರಗುವುದೂ ಅಲ್ಲಿಗೇ. ಒಂದು ಕೃತ್ತಿಕೆ ಮಳೆಗೆ ಅಲ್ಲಿ ಕಟ್ಟಿದ್ದ ನಮ್ಮ ಜೋಡೆತ್ತು ಎರಡೂ ಸತ್ತವು. ಮರಕ್ಕೆ ಬಡಿದ ವಿದ್ಯುತ್ತು ನೆಲದಗುಂಟ ಹರಡುತ್ತದೆ; ದನದ ಮುಂಗಾಲು ಹಿಂಗಾಲಿನ ನಡುವೆ ಅಂತರ ಹೆಚ್ಚು, ಎದೆಯ ಮೂಲಕವೇ ಹಾಯುತ್ತದೆ. ಆ ಸಂಜೆ ಅಪ್ಪ ಊಟ ಮಾಡಲಿಲ್ಲ.

ಮಿಂಚು ಕಂಡೊಡನೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಗಟ್ಟಿ ಮನೆ ಸೇರಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಬರಬೇಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿರಲಿ. ಇನ್ನೊಂದು ಮಾತು: ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಆ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತಬೇಕು, ಬದುಕುವ ಸಾಧ್ಯತೆ ಇರುತ್ತದೆ.

ಈ ಸಲ ಅಶ್ವಿನಿ ಮಳೆ ಕೂಡುವ ಮುಂಚೆಯೇ ಕುರಿಹಟ್ಟಿಯನ್ನು ದಂಡೆಯಿಂದ ಮೇಲಕ್ಕೆ ಸರಿಸಿದ್ದೇವೆ. ಬೇವಿನ ಮರ ಹಾಗೇ ಇದೆ. ಬುಡದಲ್ಲಿದ್ದ ಗೂಟಗಳನ್ನು ಕಿತ್ತಿದ್ದೇವೆ.