ಪ್ಲಗ್-ಇನ್ ಹೈಬ್ರಿಡ್ ಕಾರಿನ ಬ್ಯಾಟರಿ ಚಾರ್ಜ್ ಆಗುವ ಬಗೆ



ಪ್ಲಗ್-ಇನ್ ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಹಾಗೂ ವಿದ್ಯುತ್ ಮೋಟಾರ್ ಎರಡೂ ಇರುತ್ತವೆ. ಇದರ ಬ್ಯಾಟರಿಯು ಮೂರು ಬಗೆಯಲ್ಲಿ ಚಾರ್ಜ್ ಆಗುತ್ತದೆ. ಒಂದು, ಸಾಕೆಟ್‌ನಿಂದ ಬರುವ ಎಸಿ ವಿದ್ಯುತ್ತನ್ನು ಕಾರಿನೊಳಗಿನ ಚಾರ್ಜರ್ ಡಿಸಿಗೆ ಪರಿವರ್ತಿಸಿ ತುಂಬುತ್ತದೆ. ಎರಡು, ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಚಲನಶಕ್ತಿಯ ಒಂದಂಶವನ್ನು ಮರಳಿಸುತ್ತದೆ. ಮೂರು, ಎಂಜಿನ್ ಜನರೇಟರನ್ನು ತಿರುಗಿಸುತ್ತದೆ; ಇದಕ್ಕೆ ಇಂಧನ ವ್ಯಯವಾಗುತ್ತದೆ. ಆದುದರಿಂದ ಸಾಕೆಟ್‌ಗೆ ಜೋಡಿಸದೆ ಓಡಿಸಿದಲ್ಲಿ ಉಳಿತಾಯ ಕುಗ್ಗುತ್ತದೆ.

2017ರ ಟೊಯೊಟಾ ಪ್ರಿಯಸ್ ಪ್ರೈಮ್ ಬ್ಯಾಟರಿಯ ಸಾಮರ್ಥ್ಯ 8.8 ಯೂನಿಟ್. 230 ವೋಲ್ಟ್, 10 ಆಂಪಿಯರ್‌ನಲ್ಲಿ ಗಂಟೆಗೆ 2.3 ಯೂನಿಟ್ ಹರಿಯುವುದರಿಂದ ಪೂರ್ಣ ಚಾರ್ಜ್‌ಗೆ ಸುಮಾರು 4 ಗಂಟೆ ಬೇಕು. ಪಂಚಾಯಿತಿ ಕಟ್ಟಡದಲ್ಲಿ ಚಾರ್ಜಿಂಗ್‌ಗೆ ಯಾರಾದರೂ ಅನುಮತಿ ಕೋರಿದಲ್ಲಿ, ಅರ್ತಿಂಗ್ ಹಾಗೂ ವೈರಿಂಗ್ ಪರೀಕ್ಷಿಸಿ, ಪ್ರತ್ಯೇಕ ಮೀಟರ್ ಕುರಿತು ಸಾಮಾನ್ಯ ಸಭೆಯಲ್ಲಿ ಚರ್ಚಿಸುವುದು ಸೂಕ್ತ. ಇಲ್ಲವಾದಲ್ಲಿ ಒಬ್ಬರ ಕಾರಿನ ವೆಚ್ಚವನ್ನು ಇಡೀ ಗ್ರಾಮವು ಭರಿಸಬೇಕಾಗುತ್ತದೆ.