ತಂಡ ಹೊರಟ ಮೇಲೆ ಆಪರೇಷನ್ ಮಾಡುವವರು ಯಾರು?

ರಜೆ ಹಾಕಿ, ಕೈಯಿಂದ ಖರ್ಚು ಮಾಡಿಕೊಂಡು ಆಫ್ರಿಕಾದ ಹಳ್ಳಿಗಾಡಿಗೆ ಹೋಗಿ, ಹಗಲಿರುಳೆನ್ನದೆ ಆಪರೇಷನ್ ಮಾಡಿ ಬರುವ ವೈದ್ಯರ ಸೇವಾಭಾವ ದೊಡ್ಡದು. ಆದರೆ ಆ ಸೇವೆಯನ್ನು ಆಪರೇಷನ್‌ಗಳ ಲೆಕ್ಕದಲ್ಲಿ ಅಳೆಯುವುದು ಸರಿಯಲ್ಲ. ತಂಡ ವಿಮಾನ ಹತ್ತಿದ ಮೇಲೆ ಅದೇ ಕೆಲಸ ಮಾಡಬಲ್ಲವರು ಅಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ನೋಡಬೇಕು. ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ, ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್ ಬೇಕು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗ 2015ರಲ್ಲಿ ಹೇಳಿತು. ಬಂದುಹೋಗುವವರಿಂದ ತುಂಬುವ ಕೊರತೆ ಇದಲ್ಲ. ಸೀಳುತುಟಿಯ ಮಗು ಮುಂದಿನ ಶಿಬಿರದವರೆಗೆ ಕಾದೀತು. ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗದ ತಾಯಿ ಕಾಯಲಾರಳು. ಮಗುವಿನ ತಲೆ ಒತ್ತಿ ಒತ್ತಿ, ರಕ್ತ ಹರಿಯದೆ, ಮೂತ್ರಕೋಶದ ಗೋಡೆ ಕೊಳೆತು ತೂತಾಗುತ್ತದೆ. ಹಗಲೂ ರಾತ್ರಿ ಮೂತ್ರ ಸೋರುವ ಈ ಫಿಸ್ಟುಲಾವನ್ನು ತಪ್ಪಿಸಲು ಸಿಸೇರಿಯನ್ ಆ ಹೊತ್ತಿಗೇ ಆಗಬೇಕು.

ಮೊಜಾಂಬಿಕ್ 1984ರಲ್ಲೇ ಈ ಕೊರತೆಗೊಂದು ದಾರಿ ಹುಡುಕಿತು. ವೈದ್ಯ ಪದವಿಯಿಲ್ಲದ ಅನುಭವಿ ಆರೋಗ್ಯ ಕಾರ್ಯಕರ್ತರಿಗೆ ಮೂರು ವರ್ಷ ಶಸ್ತ್ರಚಿಕಿತ್ಸೆ ಕಲಿಸತೊಡಗಿತು. 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಹೆರಿಗೆ ಸಂಬಂಧಿ ದೊಡ್ಡ ಆಪರೇಷನ್‌ಗಳ ಪೈಕಿ ಶೇ 92ರಷ್ಟನ್ನು ಮಾಡಿದವರು ಇವರೇ. ತರಬೇತಿಯಾಗಿ ಏಳು ವರ್ಷದ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಅಂಥ ಆಸ್ಪತ್ರೆಗಳಲ್ಲೇ ಇದ್ದರು; ಹೋಲಿಕೆಗೆಂದು ನೋಡಿದ ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ. ಹಳ್ಳಿಯವರೆಂದರೆ ಅರೆಬರೆ ಕಲಿತವರ ಕೈಗೊಪ್ಪಿಸಿದರಾಯಿತೇ ಎಂದು ಕೇಳುವವರಿದ್ದಾರೆ. ಆದರೆ ರಾಜಧಾನಿ ಮಪುಟೊದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಹೋಲಿಸಿದಾಗ ಇವರ ಕೆಲಸಕ್ಕೂ ತಜ್ಞರ ಕೆಲಸಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಥಿಯೋಪಿಯಾದ ಮಾಮಿತು ಗಾಶೆ ಫಿಸ್ಟುಲಾ ರೋಗಿಯಾಗಿ ಆಸ್ಪತ್ರೆಗೆ ಬಂದವರು. ಶಾಲೆಯ ಮುಖ ಕಾಣದ ಆಕೆಗೆ ಅಲ್ಲಿನ ವೈದ್ಯರಾದ ಹ್ಯಾಮ್ಲಿನ್ ದಂಪತಿ ಕೆಲಸ ಕಲಿಸಿದರು. ಮುಂದೆ ಆಕೆಯೇ ವೈದ್ಯರಿಗೆ ಆ ಆಪರೇಷನ್ ಹೇಳಿಕೊಟ್ಟರು.

ಕಲಿಸುತ್ತ ಕೂತರೆ ಸಾಲಿನಲ್ಲಿರುವ ರೋಗಿಗಳ ಗತಿಯೇನು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸ್ಥಳೀಯರ ಕೈಗೆ ಚಾಕು ಕೊಟ್ಟು ಪಕ್ಕದಲ್ಲಿ ನಿಂತರೆ ದಿನದ ಆಪರೇಷನ್‌ಗಳು ಕಡಿಮೆಯಾಗುವುದು ನಿಜ. ಆದರೆ ಗಾಯದಲ್ಲಿ ಕೀವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಕೆಲವು ದಿನ ಕಳೆದ ಮೇಲೆ. ಕೊನೆಯ ದಿನ ಆಪರೇಷನ್ ಆದವರ ಹೊಲಿಗೆ ಬಿಚ್ಚಿ ತೊಳೆಯಬೇಕಾದವರು ಅಲ್ಲಿನವರೇ; ಒಳಗೆ ಏನು ಮಾಡಲಾಗಿದೆ ಎಂದೇ ಅವರಿಗೆ ಗೊತ್ತಿಲ್ಲದಿದ್ದರೆ ಉಳಿಸಿದ ಸಮಯಕ್ಕೆ ರೋಗಿ ಬೆಲೆ ತೆರುತ್ತಾನೆ. ಸಾಮಗ್ರಿಯ ವಿಷಯವೂ ಹೀಗೇ. ಹರ್ನಿಯಾ ಆಪರೇಷನ್‌ನಲ್ಲಿ ಒಳಗೆ ಹೊಲಿಯಲು ತಂಡ ತಂದ ದುಬಾರಿ ಜಾಲರಿ ಮುಗಿದರೆ ಕೆಲಸ ನಿಲ್ಲುತ್ತದೆ. ಮಹಾರಾಷ್ಟ್ರದ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೊಣಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಕ್ರಿಮಿಶುದ್ಧ ಮಾಡಿ ಜಾಲರಿಯಾಗಿ ಬಳಸಿದ್ದರು. ಉಗಾಂಡಾದಲ್ಲಿ ಅಂಥ ಅಗ್ಗದ ಜಾಲರಿಯನ್ನು ಕಂಪನಿಯದರ ಜೊತೆ ಹೋಲಿಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ವರ್ಷದ ನಂತರವೂ ಎರಡರ ಫಲಿತಾಂಶ ಹೆಚ್ಚುಕಮ್ಮಿ ಒಂದೇ ಆಗಿತ್ತು.

ಹಾಗೆಂದು ಹೊರಗಿನ ವೈದ್ಯರು ಬೇಡವೆಂದಲ್ಲ. ಕ್ಲಿಷ್ಟ ಪ್ರಕರಣ ಎದುರಾದಾಗ ಫೋನಿನಲ್ಲಿ ಸಿಗುವ, ಪ್ರತಿವರ್ಷ ಅದೇ ಆಸ್ಪತ್ರೆಗೆ ಬಂದು ಹಿಂದಿನ ವರ್ಷ ಕಲಿಸಿದ್ದನ್ನು ತಿದ್ದುವ ತಜ್ಞರಿಲ್ಲದೆ ಮೊಜಾಂಬಿಕ್‌ನಂಥ ವ್ಯವಸ್ಥೆಯೂ ಸೊರಗುತ್ತದೆ. ಹೊರಡುವವರು ಹೊಸ ಊರು ಹುಡುಕುವ ಬದಲು ಹೋದ ಊರಿಗೇ ಮರಳಲಿ. ಯಾವ ಆಪರೇಷನ್ ಕಲಿಯಬೇಕೆಂಬುದನ್ನು ಅಲ್ಲಿನವರೇ ತೀರ್ಮಾನಿಸಲಿ. ದಾನಿಗಳೂ ಶಿಬಿರದ ವರದಿಯಲ್ಲಿ ರೋಗಿಗಳ ಸಂಖ್ಯೆಗಿಂತ ಮೊದಲು ಕಲಿತವರ ಸಂಖ್ಯೆಯನ್ನು ಕೇಳಲಿ.