ಹಳೆಯ ಗಣಕಕ್ಕೆ ಹೊಸ ನೆನಪು

ಭಟ್ಕಳ, ಹೊನ್ನಾವರ, ಕುಮಟಾ ಊರುಗಳ ಎಷ್ಟೋ ಮನೆಗಳಲ್ಲಿ ಹತ್ತು-ಹನ್ನೆರಡು ವರ್ಷದ ಗಣಕಯಂತ್ರಗಳು ಇನ್ನೂ ದುಡಿಯುತ್ತಿವೆ. ಯಂತ್ರ ಏದುಸಿರು ಬಿಡತೊಡಗಿತೆಂದು, ಮಗಳ ಕಾಲೇಜು ಶುಲ್ಕಕ್ಕಿಟ್ಟ ಹಣದಲ್ಲಿ ಹೊಸದನ್ನು ಕೊಳ್ಳಹೊರಟ ಗೃಹಸ್ಥರು ಮೊದಲು ರ‍್ಯಾಮ್ ಎಂಬ ಸ್ಮರಣೆಯ ಪಟ್ಟಿಯನ್ನು ವಿಚಾರಿಸಬೇಕು. ಅದು ತುಂಬಿದೊಡನೆ ಯಂತ್ರವು ನಿಧಾನಗತಿಯ ಡಿಸ್ಕನ್ನು ಆಶ್ರಯಿಸುತ್ತದೆ. ಏದುಸಿರಿಗೆ ಅನೇಕ ವೇಳೆ ಅದೇ ಕಾರಣ.

ಆದರೆ ಈ ಪಟ್ಟಿಗಳ ಜಾತಿಕಟ್ಟು ನಮ್ಮದಕ್ಕಿಂತಲೂ ಬಿಗಿ! ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಸಂಪರ್ಕಬಿಂದುಗಳೇ ಇದ್ದರೂ ನಡುವಿನ ಕಚ್ಚಿನ ಸ್ಥಾನ ಬೇರೆ. ಒಂದರ ಪೀಠದಲ್ಲಿ ಇನ್ನೊಂದು ಕೂರದು. ಮೊದಲನೆಯದಕ್ಕೆ 1.8 ವೋಲ್ಟ್, ಎರಡನೆಯದಕ್ಕೆ 1.5. 2014ರಲ್ಲಿ ಬಂದ ಡಿಡಿಆರ್4ಕ್ಕೆ 288 ಬಿಂದುಗಳು, 1.2 ವೋಲ್ಟ್. ಹಳೆಯ ಪಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಪಿಸಿ2 ಎಂದಿದ್ದರೆ ಡಿಡಿಆರ್2, ಪಿಸಿ3 ಎಂದಿದ್ದರೆ ಡಿಡಿಆರ್3. ಅದನ್ನು ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿರಿ. ಮದರ್‌ಬೋರ್ಡಿಗೂ ಮಿತಿಯುಂಟು: ಇಂಟೆಲ್ ಜಿ41 ಆದರೆ 8 ಜಿಬಿ, ಎಚ್61 ಆದರೆ 16. ಮನೆಬಳಕೆಯ 32 ಬಿಟ್ ವಿಂಡೋಸ್ ಅಂತೂ 4 ಜಿಬಿಯಾಚೆಗೆ ಕಣ್ಣೆತ್ತಿ ನೋಡದು. ಅಗ್ಗವೆಂದು 'ಎಎಂಡಿಗೆ ಮಾತ್ರ' ಎಂಬ ಪಟ್ಟಿಯನ್ನು ತಂದರೆ ಇಂಟೆಲ್ ಯಂತ್ರದಲ್ಲಿ ಅದು ನಿರುಪಯೋಗಿ.

ಯಂತ್ರವು ಎಚ್ಚರಗೊಳ್ಳದೆ ಬರಿದೇ 'ಬೀಪ್' ಎನ್ನುತ್ತಿದ್ದರೆ ಕರಾವಳಿಯವರು ಹಣ ಬಿಚ್ಚುವುದು ಬೇಡ. ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಬಿಂದುಗಳು ಮಬ್ಬಾಗಿರಬಹುದು. ವಿದ್ಯುತ್ ತಂತಿಯನ್ನು ಕಿತ್ತು, ಪಟ್ಟಿಯನ್ನು ಹೊರತೆಗೆದು, ಮಕ್ಕಳ ಮೃದುವಾದ ರಬ್ಬರಿನಿಂದ ಬಿಂದುಗಳನ್ನು ಹಗುರಾಗಿ ಉಜ್ಜಿ, ಪುಡಿ ಕೊಡವಿ, ಚಿಲಕ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿರಿ. ಎಷ್ಟೋ ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತವೆ.